ಉಂಡು ಹತ್ತೋಣ ಬೆಟ್ಟ



ನಾವು ಮೈಸೂರಿನ ಹತ್ತಿರದ ಹಳ್ಳಿಯವರು. ನಿಮ್ಮ ಹಾಗೇ ರಾತ್ರಿ ಹೊತ್ತು ಕುಳಿತು ಅಕ್ಷರ ಕಲಿತವರು. ಇವತ್ತು ಚಾಮುಂಡಿ ಬೆಟ್ಟದಲ್ಲಿ ನಡೆದ ಒಂದು ಮಾತು ಹೇಳುತ್ತೇವೆ.

ಬೆಟ್ಟಕ್ಕೆ ಬಸ್ಸು ಹೋಗುತ್ತದೆ. ಆದರೂ ಮೆಟ್ಟಿಲು ಹತ್ತಿ ಹೋಗುವವರು ಬಹಳ. ಸುಮಾರು 1000 ಮೆಟ್ಟಿಲು. ಮೈಸೂರಿನ ದೊರೆ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು. ಅವರು ಆಳಿದ್ದು 1659ರಿಂದ 1673ರವರೆಗೆ. ದಾರಿಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡ ನಂದಿ ಇದೆ. ಆಷಾಢದ ಶುಕ್ರವಾರ ಬೆಟ್ಟದಲ್ಲಿ ಜನವೋ ಜನ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ. ಬಗ್ಗಬೇಕು, ಹಚ್ಚಬೇಕು, ಏಳಬೇಕು, ಮೆಟ್ಟಿಲು ಹತ್ತಬೇಕು. ಮತ್ತೆ ಬಗ್ಗಬೇಕು. ಹೀಗೆ ಸಾವಿರ ಸಲ! ಯಾವ ಗರಡಿಯಲ್ಲಿ ಇಷ್ಟು ಸಾಮು ಮಾಡಿಸುತ್ತಾರೆ ಹೇಳಿ?

ನಮ್ಮ ಗುಂಪಿನ ಒಬ್ಬ ಅಕ್ಕ ಮಗಳ ಹೆರಿಗೆ ಸುಸೂತ್ರವಾಗಲಿ ಅಂತ ಈ ಹರಕೆ ಹೊತ್ತಿದ್ದರು. ಹೆರಿಗೆ ಚೆನ್ನಾಗಿ ಆಯಿತು. ನಾವೆಲ್ಲ ಜೊತೆಗೆ ಹೊರಟೆವು. ಅಕ್ಕ ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಮುನ್ನೂರು ಮೆಟ್ಟಿಲು ದಾಟುವ ಹೊತ್ತಿಗೆ ಕಣ್ಣು ಕತ್ತಲೆ ಬಂತು. ಕುಂಕುಮದ ತಟ್ಟೆ ಕೈಜಾರಿ ಬಿತ್ತು. ಅಲ್ಲೇ ಮಲಗಿಸಿದೆವು. ಎಚ್ಚರ ಬಂದ ಮೇಲೆ ಅಕ್ಕ ಒಂದೇ ಸಮನೆ ಅತ್ತರು. "ನನ್ನ ಹರಕೆ ಮುರಿದುಹೋಯ್ತಲ್ಲ, ಮಗೂಗೆ ಏನಾಗುತ್ತೋ!"

ಪಕ್ಕದಲ್ಲಿ ಹತ್ತುತ್ತಿದ್ದ ಒಬ್ಬ ಅಜ್ಜಿ ನಿಂತರು. ಗುರುತಿಲ್ಲದವರು. ಮಡಿಲಿನಿಂದ ಬಾಳೆಹಣ್ಣು ತೆಗೆದರು. "ಮಗಳು ಹಸಿದು ಬಿದ್ರೆ ಯಾವ ತಾಯಿ ಸಂತೋಷಪಡ್ತಾಳೆ? ತಿನ್ನು ಕಣವ್ವ" ಅಂದರು. ನಾವು ಎಷ್ಟು ಹೇಳಿದರೂ ಕೇಳದ ಅಕ್ಕ ಆ ಮಾತಿಗೆ ತಿಂದರು.

ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ ಆದರೂ ಇರಬೇಕು. ಅಕ್ಕನಿಗೆ 8 ಇತ್ತು. ನಾವು ಎಳೆದುಕೊಂಡ ಉಸಿರನ್ನು ಮೈಗೆಲ್ಲ ಹೊತ್ತು ಒಯ್ಯುವುದು ಇದೇ. ಇದು ಕಡಿಮೆಯಾದರೆ ಏದುಸಿರು, ತಲೆಸುತ್ತು, ಸುಸ್ತು. ಅಕ್ಕ ಒಬ್ಬರೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ಎಲ್ಲರಿಗೂ ಬಡಿಸಿ ತಳದ್ದು ಉಣ್ಣುವವರು ನಾವು. ಹೀಗಾಗದೆ ಇನ್ನೇನು?

ಡಾಕ್ಟರಮ್ಮ ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಮಾತ್ರೆ ಜೊತೆ ಕಾಫಿ, ಟೀ ಬೇಡ, ನಿಂಬೆಹಣ್ಣಿನ ಪಾನಕ ಒಳ್ಳೇದು ಅಂದರು. ಸೊಪ್ಪು, ಹುರುಳಿ, ಕಡಲೆ ತಿನ್ನಿ ಅಂದರು. ಸುಸ್ತು ಇಳಿದ ಮೇಲೆ ದಿನಾ ಅರ್ಧ ಗಂಟೆ ನಡೆಯಿರಿ ಅಂತಲೂ ಹೇಳಿದರು.

ಅದಕ್ಕೆ ನಮಗೆ ನಗು ಬಂತು. ಬೆಳಗಿಂದ ಗೇಯೋದು ಸಾಲದೇ? ಆದರೆ ಯೋಚನೆ ಮಾಡಿ. ಊದುಬತ್ತಿ ಹೊಸೆಯುವವರು ಕುಳಿತೇ ಇರುತ್ತಾರೆ. ನಾಟಿ ಹಾಕುವವರು ಬಗ್ಗೇ ಇರುತ್ತಾರೆ. ಒಂದೇ ಕಡೆ ನೋವು, ಮಿಕ್ಕ ಮೈ ಜಡ. ನೆಟ್ಟಗೆ ನಿಂತು, ಕೈ ಬೀಸಿ ನಡೆಯುವುದು ನಮಗೆ ಎಲ್ಲಿ ಸಿಗುತ್ತದೆ?

ಇನ್ನೊಂದು ತೊಡಕು. ಸುಮ್ಮನೆ ನಡೆದರೆ ಊರು ನಗುತ್ತದೆ. "ಇವಳಿಗೇನು ಕೆಲಸವಿಲ್ಲವಾ?" ಅನ್ನುತ್ತದೆ. ಗುಡಿಗೆ ಹೋಗುತ್ತೀವಿ ಅಂದರೆ ಯಾರೂ ತುಟಿ ಬಿಚ್ಚುವುದಿಲ್ಲ! ಊರಾಚೆ ಮಾರಮ್ಮನ ಗುಡಿ ಇದೆ. ಹೋಗಿ ಬರಲು ಸರಿಯಾಗಿ ಅರ್ಧ ಗಂಟೆ. ವಾರಕ್ಕೆ ಐದು ದಿನ ಬೆಳಿಗ್ಗೆ ಏಳು ಜನ ಹೊರಟೆವು. ನೆಪ ಅಂದುಕೊಂಡು ಶುರು ಮಾಡಿದ್ದು. ಈಗ ಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತರೆ ಎದೆಯ ಭಾರ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾರೂ ನೀರು ಕೊಡು, ಬಟ್ಟೆ ಕೊಡು ಅನ್ನುವುದಿಲ್ಲ. ನಮ್ಮ ಜೊತೆಯ ಮುಸ್ಲಿಂ ಅಕ್ಕ ಮನೆಯಲ್ಲಿ ನಮಾಜು ಮುಗಿಸಿ ಬಂದು ಸೇರಿಕೊಳ್ಳುತ್ತಾರೆ. ಗುಡಿಯ ಹತ್ತಿರದ ಹುಣಸೆ ಮರದ ಕೆಳಗೆ ಕಾಯುತ್ತಾರೆ.

ಒಂದು ಮಾತು ಮರೆಯಬೇಡಿ. ನಡೆಯುವಾಗ ಎದೆ ನೋವು ಬಂದರೆ, ವಿಪರೀತ ಏದುಸಿರು ಬಂದರೆ ಅಲ್ಲೇ ನಿಲ್ಲಿ. ಆಸ್ಪತ್ರೆಗೆ ತೋರಿಸಿ.

ಮರುವರ್ಷ ಆಷಾಢದಲ್ಲಿ ಅಕ್ಕ ಮತ್ತೆ ಹೊರಟರು. ಅಷ್ಟರಲ್ಲಿ ರಕ್ತ 12ಕ್ಕೆ ಬಂದಿತ್ತು. ಬೆಟ್ಟದ ಬುಡದಲ್ಲಿ ಕುಳಿತು ಮೂರು ಇಡ್ಲಿ ತಿಂದರು, ನೀರು ಕುಡಿದರು. ಆಮೇಲೆ ಸೆರಗು ಕಟ್ಟಿ, ಮೊದಲನೇ ಮೆಟ್ಟಿಲಿಗೆ ಕುಂಕುಮ ಇಟ್ಟರು.