ಎದ್ದು ಹೊರಟವರು, ಕಾದು ನಿಂತವರು
(ಸಂತ ಜೋಸೆಫರ ಹಬ್ಬ, ಮಾರ್ಚ್ 19)



ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಇರುವುದು ಅವರ ಕಾರ್ಯ ಮಾತ್ರ. ದೇವದೂತರು ಎಚ್ಚರಿಸಿದ ರಾತ್ರಿಯೇ ಎದ್ದು, ಬಾಲಯೇಸುವನ್ನೂ ಮಾತೆ ಮರಿಯಮ್ಮನವರನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಬೆಳಗಾಗಲಿ ಎನ್ನಲಿಲ್ಲ. ಆದರೆ ಮರಳಲು ಅವಸರಪಡಲಿಲ್ಲ. ಹೆರೋದನು ಸತ್ತು, ದೇವರು ಮತ್ತೆ ತಿಳಿಸುವವರೆಗೂ ಪರದೇಶದಲ್ಲೇ ಕಾದರು.

ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಮುನಿಸಿಕೊಂಡ ತಮ್ಮನ ಮನೆಗೆ ಹೋಗಲು ‘ಹಬ್ಬ ಕಳೆಯಲಿ, ನೋಡೋಣ’ ಎನ್ನುತ್ತೇವೆ. ಮಗಳ ಮದುವೆ, ಮಗನ ಕೆಲಸ ತಡವಾದರೆ ದೇವರ ಮೇಲೆ ಸಿಟ್ಟಾಗುತ್ತೇವೆ. ನಮ್ಮ ಕೈಲಿರುವುದನ್ನು ಮುಂದೂಡಿ, ದೇವರ ಕೈಲಿರುವುದಕ್ಕೆ ಅವಸರಪಡುತ್ತೇವೆ.

ಇಂದು ಪೂಜೆ ಮುಗಿಸಿ ಹೋಗುವಾಗ ಆ ತಮ್ಮನ ಮನೆಯ ಬಾಗಿಲು ತಟ್ಟೋಣ. ತಡವಾಗಿರುವುದನ್ನು ದೇವರಿಗೆ ಒಪ್ಪಿಸಿ ಕಾಯೋಣ. ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ.