ಕಾಣದ ಯಂತ್ರಗಳಿಗೆ ಕಡಿಮೆ ಖರ್ಚಿನ ಕಾವಲು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮ ಹಿರಿಯರು ಹೋಟೆಲುಗಳನ್ನು ನಡೆಸಿದರು, ರಾತ್ರಿಶಾಲೆಗಳನ್ನು ತೆರೆದರು, ಸಹಕಾರಿ ಸಂಸ್ಥೆಗಳನ್ನು ಕಟ್ಟಿದರು. ಕರಾವಳಿಯಿಂದ ಬಂದವರ ಶ್ರಮದಿಂದಲೇ 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆಯೂ 1978ರಲ್ಲಿ ಬಿಲ್ಲವರ ಭಾರತ್ ಬ್ಯಾಂಕೂ ಹುಟ್ಟಿದವು. ಅಂದಿನ ಲೆಕ್ಕ ಖಾತೆಪುಸ್ತಕದಲ್ಲಿತ್ತು; ಕಪಾಟಿಗೆ ಬೀಗ ಹಾಕಿ ಬಾಗಿಲಲ್ಲಿ ಕಾವಲುಗಾರನನ್ನು ಕೂರಿಸಿದರೆ ನಿಶ್ಚಿಂತೆ. ಇಂದಿನ ಲೆಕ್ಕವೆಲ್ಲ ಸರ್ವರಿನಲ್ಲಿದೆ. ಅದನ್ನು ಕಾಯುವವರಾರು? ಈ ವಿಷಯವಾಗಿ ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ಉಪನಗರದ ಒಂದು ಸಣ್ಣ ಪತ್ತಿನ ಸಂಘದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನಮ್ಮದಾಗಿತ್ತು. ಒಂದು ಶನಿವಾರ ರಾತ್ರಿ ಸರ್ವರಿನ ಡಿಸ್ಕ್ ತುಂಬಿ ಹೋಯಿತು. ನಮಗೆ ತಿಳಿದದ್ದು ಸೋಮವಾರ ಬೆಳಿಗ್ಗೆ, ಸದಸ್ಯರು ಸಾಲುಗಟ್ಟಿ ನಿಂತ ಮೇಲೆ. ಆಸ್ಪತ್ರೆಗೆ ಕಟ್ಟಲು ಹಣ ಕೇಳಿ ಬಂದ ಹಿರಿಯರೊಬ್ಬರು ಬರಿಗೈಯಲ್ಲಿ ಹಿಂತಿರುಗಿದರು. ಆ ಮುಖವನ್ನು ನಾವು ಮರೆತಿಲ್ಲ. ತಪ್ಪು ಯಂತ್ರದ್ದಲ್ಲ, ಎರಡು ದಿನ ಅದರ ಕಡೆ ನೋಡದ ನಮ್ಮದು.

ದೊಡ್ಡ ಕಂಪೆನಿಗಳು ಮಾರುವ ಕಾವಲು ಸಾಧನದ ಬೆಲೆ ಸಂಘದ ಕೈಗೆ ಎಟುಕುವಂತಿರಲಿಲ್ಲ. ಆಗ ಉಚಿತವಾಗಿ ದೊರೆಯುವ ಸಣ್ಣ ಸಾಧನಗಳನ್ನು ಕೂಡಿಸಿ, ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಹಾಕಿದೆವು.

ಕಾವಲಿನ ಕೆಲಸ ಮೂರೇ: ಉಸಿರಾಡುತ್ತಿದೆಯೇ ಎಂದು ಕೇಳುವುದು, ನಾಡಿ ಹಿಡಿಯುವುದು, ಕೆಟ್ಟರೆ ಕೂಗುವುದು. ಮೊದಲನೆಯದಕ್ಕೆ 1983ರಲ್ಲಿ ಮೈಕ್ ಮ್ಯೂಸ್ ಬರೆದ 'ಪಿಂಗ್' ಇದೆ. 'ಇದ್ದೀಯಾ?' ಎಂದು ಕೇಳುತ್ತದೆ, ಉತ್ತರ ಬರಲು ಹಿಡಿದ ಕಾಲವನ್ನು ಅಳೆಯುತ್ತದೆ. ಡಿಸ್ಕ್ ಎಷ್ಟು ತುಂಬಿದೆ, ನೆಟ್‌ವರ್ಕಿನಲ್ಲಿ ದಟ್ಟಣೆ ಎಷ್ಟು ಎಂಬ ಅಂಕಿಗಳನ್ನು 'ಪ್ರೊಮಿಥಿಯಸ್' ಕೂಡಿಡುತ್ತದೆ. 'ಗ್ರಫಾನಾ' ಅದನ್ನು ಗೆರೆಚಿತ್ರವಾಗಿ ತೋರಿಸುತ್ತದೆ. 1999ರಲ್ಲಿ ಬೇರೆ ಹೆಸರಿನಿಂದ ಹೊರಬಂದ 'ನ್ಯಾಗಿಯೋಸ್' ತಪಾಸಣೆ ಮಾಡಿ ಸಂದೇಶ ಕಳುಹಿಸುತ್ತದೆ. ಎಲ್ಲವೂ ಒಂದರಲ್ಲೇ ಬೇಕೆನ್ನುವವರಿಗೆ 'ಜ್ಯಾಬಿಕ್ಸ್' ಉಂಟು. ಇಂಥ ಸಾಧನಗಳು ಸಿರಿವಂತಿಕೆಯಿಂದಲೇ ಹುಟ್ಟಿದವಲ್ಲ. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಸೆಕೆಂಡಿಗೆ 64 ಕಿಲೋಬಿಟ್‌ನ ಕಿರಿದಾದ ಸಂಪರ್ಕದ ದಟ್ಟಣೆಯನ್ನು ಅಳೆಯಲು ಟೋಬಿ ಓಟಿಕರ್ 1995ರಲ್ಲಿ 'ಎಂಆರ್‌ಟಿಜಿ'ಯನ್ನು ಹೊರತಂದರು. ಕೊರತೆಯೇ ಅದರ ತಾಯಿ.

ಉಚಿತವೆಂದರೆ ಶ್ರಮವಿಲ್ಲವೆಂದಲ್ಲ. ನಾವು ಮೂರು ಪಾಠಗಳನ್ನು ಕಲಿತೆವು. ಮೊದಲನೆಯದು: ಸಣ್ಣಪುಟ್ಟದಕ್ಕೆಲ್ಲ ಕೂಗುವ ಕಾವಲನ್ನು ಯಾರೂ ನಂಬುವುದಿಲ್ಲ, 'ತೋಳ ಬಂತು ತೋಳ' ಎಂದ ಹುಡುಗನ ಗತಿ ಅದಕ್ಕೂ ಬರುತ್ತದೆ. ಡಿಸ್ಕ್ ನೂರಕ್ಕೆ ಎಂಬತ್ತು ತುಂಬಿದಾಗ ಒಮ್ಮೆ ಎಚ್ಚರಿಸಿದರೆ ಸಾಕು. ಎರಡನೆಯದು: ಕಾಯುವವನೂ ಕಾಯಿಸಿಕೊಳ್ಳುವವನೂ ಒಂದೇ ಸೂರಿನಡಿ ಇರಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. 2020ರ ಅಕ್ಟೋಬರ್ 12ರಂದು ಮುಂಬಯಿಯ ಬಹುಭಾಗಕ್ಕೆ ವಿದ್ಯುತ್ ನಿಂತಿತು. ಅಂಥ ದಿನ ಸರ್ವರಿನೊಡನೆ ಕಾವಲೂ ಮಲಗಿದರೆ ಕೂಗುವವರಾರು? ಆದುದರಿಂದ ಮತ್ತೊಂದು ಉಪನಗರದ ಮನೆಯಲ್ಲಿ ಎರಡನೆಯ ಕಾವಲನ್ನಿಟ್ಟೆವು. ಅದು ಮೊದಲನೆಯದನ್ನೂ ಕಾಯುತ್ತದೆ. ಮೂರನೆಯದು: ಸಂದೇಶ ಬಂದಾಗ ಏಳುವ ಮನುಷ್ಯನ ಹೆಸರು ಮೊದಲೇ ಗೊತ್ತಾಗಿರಬೇಕು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ.

ಹೋಟೆಲಿನ ಗಲ್ಲೆಯ ಮೇಲೆ ಕುಳಿತ ಯಜಮಾನರ ಕಣ್ಣು ಒಂದೇ ಕಾಲಕ್ಕೆ ಅಡಿಗೆಮನೆ, ಮೇಜು, ಬಾಗಿಲು ಮೂರರ ಮೇಲೂ ಇರುತ್ತಿತ್ತು. ಈ ಸಾಧನಗಳು ಅಂಥ ಕಣ್ಣನ್ನು ಕೊಡುತ್ತವೆ. ಕಾಳಜಿಯನ್ನು ಕೊಡುವವರು ನಾವೇ.

ಈ ಸಭೆಯಲ್ಲಿ ಕಂಪ್ಯೂಟರ್ ಬಲ್ಲ ತರುಣ ತರುಣಿಯರು ಅನೇಕರಿದ್ದೀರಿ. ಹಗಲೆಲ್ಲ ದುಡಿದ ಹುಡುಗರಿಗೆ ಹಿಂದಿನವರು ರಾತ್ರಿಯಲ್ಲಿ ಅಕ್ಷರ ಕಲಿಸಿದರು. ನೀವು ತಿಂಗಳಿಗೆ ಎರಡು ಸಂಜೆಗಳನ್ನು ನಮ್ಮ ಶಾಲೆ, ಸಂಘ, ಪತ್ತಿನ ಸಂಸ್ಥೆಗಳ ಯಂತ್ರಗಳಿಗೆ ಕೊಟ್ಟರೆ, ಮುಂದೆ ಯಾವ ಹಿರಿಯರೂ ಸೋಮವಾರ ಬೆಳಿಗ್ಗೆ ಬರಿಗೈಯಲ್ಲಿ ಹಿಂತಿರುಗಬೇಕಾಗದು. ಇದೂ ಕನ್ನಡದ ಸೇವೆಯೇ.