ಡೇರೆ ಬಿಚ್ಚಿದ ಮೇಲಿನ ಸರ್ಕಸ್ಸು

ನಮ್ಮ ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆಗಾಲ ಕಳೆದ ಮೇಲೆ. ಅಮೆರಿಕದ ಸರ್ಕಸ್ಸುಗಳಿಗೆ ಗೆಜ್ಜೆ ಬಿಚ್ಚಿಸುತ್ತಿದ್ದುದು ಚಳಿಗಾಲ. ಪಿ. ಟಿ. ಬಾರ್ನಮ್ ಹೆಸರಿನ ಸರ್ಕಸ್ಸಿನ ಚಳಿಗಾಲದ ಬೀಡು 1880ರ ದಶಕದಿಂದ 1927ರವರೆಗೆ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ನಗರದಲ್ಲಿತ್ತು. ಅಂಥ ಬೀಡನ್ನು ವಿಶ್ರಾಂತಿಯ ತಾಣವೆಂದುಕೊಳ್ಳುವುದು ರೂಢಿ. ನನ್ನ ತಕರಾರಿರುವುದೇ ಅಲ್ಲಿ: ಅದೊಂದು ಕಾರ್ಖಾನೆ. ಬಂಡಿಗಳ ರಿಪೇರಿ, ಬಣ್ಣ, ಕುದುರೆಗಳ ಜೀನಿನ ಹೊಲಿಗೆ, ಹೊಸ ಆಟಗಳ ತಾಲೀಮು ಎಲ್ಲ ನಡೆಯುತ್ತಿದ್ದುದು ಆ ಗೋಡೆಗಳೊಳಗೆ. 1882ರ ಫೆಬ್ರವರಿಯಲ್ಲಿ ಅಲ್ಲೊಂದು ಆನೆಮರಿ ಹುಟ್ಟಿದಾಗ ಅದಕ್ಕೆ ಬ್ರಿಜ್‌ಪೋರ್ಟ್ ಎಂದೇ ಹೆಸರಿಟ್ಟರು. 1887ರ ನವೆಂಬರ್ 20ರ ರಾತ್ರಿ ಬೀಡಿಗೆ ಬೆಂಕಿ ಬಿದ್ದು ಬಹುಪಾಲು ಪ್ರಾಣಿಗಳು ಸತ್ತವು. ಬರ್ಮಾದಿಂದ ತರಿಸಿ ಭಾರೀ ಪ್ರಚಾರ ಕೊಟ್ಟಿದ್ದ ಬಿಳಿ ಆನೆಯೂ ಉಳಿಯಲಿಲ್ಲ. ಆದರೂ ಮರುವರ್ಷ ಸರ್ಕಸ್ಸು ಊರೂರಿಗೆ ಹೊರಟಿತು. ದುಡ್ಡಿದ್ದವನಿಗೆ ಪ್ರಾಣಿ ಕೊಳ್ಳುವುದೇನು ಕಷ್ಟ ಎಂದು ಕೇಳಬಹುದು. ಕಷ್ಟವಲ್ಲ, ಒಪ್ಪೋಣ, ಆದರೆ ಕೊಂಡ ಆನೆಯನ್ನು ಒಂದೇ ಚಳಿಗಾಲದಲ್ಲಿ ಜನರೆದುರು ನಿಲ್ಲುವಂತೆ ಮಾಡಿದ್ದು ಅಲ್ಲಿ ಕೂಲಿಗಿದ್ದ ಕೈಗಳು. ಬ್ರಿಜ್‌ಪೋರ್ಟ್ ಆ ಕೈಗಳನ್ನೇ ಮರೆತಿದೆ.

ಬಾರ್ನಮ್‌ಗೆ ವಸ್ತುಸಂಗ್ರಹಾಲಯವಿದೆ, ಕಡಲಂಚಿನ ಪಾರ್ಕಿನಲ್ಲಿ ಪ್ರತಿಮೆಯಿದೆ, ಮರೆತದ್ದೇನು ಎಂಬುದು ಇನ್ನೊಂದು ಆಕ್ಷೇಪ. ಎರಡೂ 1893ರಷ್ಟು ಹಳೆಯವು, ನಿಜ. ಅವು ನೆನಪಿಡುವುದು ಯಜಮಾನನನ್ನು. ಆತ ಆ ಊರಿನ ಮೇಯರ್ ಕೂಡ ಆಗಿದ್ದವನು. 1850ರ ದಶಕದಲ್ಲಿ ಅವನು ರೈಲುಹಳಿಯ ಪಕ್ಕದ ತನ್ನ ಹೊಲದಲ್ಲಿ ಆನೆಯಿಂದ ಉಳುಮೆ ಮಾಡಿಸಿದ. ಮಾವುತನಿಗೆ ಪೌರ್ವಾತ್ಯ ವೇಷ ತೊಡಿಸಿ, ಕೈಗೆ ರೈಲಿನ ವೇಳಾಪಟ್ಟಿ ಕೊಟ್ಟ: ರೈಲು ಬರುವ ಹೊತ್ತಿಗೆ ಸರಿಯಾಗಿ ನೇಗಿಲು ಹೂಡಬೇಕು! ಪ್ರಯಾಣಿಕರಿಗಾಗಿ ನಡೆದ ಆ ಉಳುಮೆ ಕಥೆಯಾಗಿ ಉಳಿದಿದೆ. ಯಾರೂ ನೋಡದೆ ನಡೆದ ನಿಜವಾದ ದುಡಿಮೆ ಉಳಿದಿಲ್ಲ. ಮರೆವಿನ ಕಾರಣ ನನಗೆ ಕಾಣುವುದು ಇಲ್ಲಿ.

ವಿಸ್ಕಾನ್ಸಿನ್‌ನ ಬಾರಬೂ ಬೇರೆ ದಾರಿ ಹಿಡಿಯಿತು. ಸರ್ಕಸ್ಸು ನಡೆಸುತ್ತಿದ್ದ ರಿಂಗ್ಲಿಂಗ್ ಸೋದರರು 1918ರಲ್ಲಿ ತೊರೆದ ಚಳಿಗಾಲದ ಬೀಡಿನ ಲಾಯಗಳನ್ನು ಆ ಊರು ಕಾಪಾಡಿಕೊಂಡಿತು. 1959ರಿಂದ ಅಲ್ಲೊಂದು ಸರ್ಕಸ್ ವಸ್ತುಸಂಗ್ರಹಾಲಯವಿದೆ. ಆದರೆ ಟಿಕೆಟ್ ಕೊಂಡು ನೋಡುವ ಲಾಯವೂ ರೈಲಿನ ಹೊತ್ತಿಗೆ ಉಳುವ ಇನ್ನೊಂದು ಆನೆಯೇ ಅಲ್ಲವೇ? ಬ್ರಿಜ್‌ಪೋರ್ಟಿನ ಬೆಂಕಿಯಲ್ಲಿ ಸುಟ್ಟುಹೋದ ಪ್ರಾಣಿಗಳನ್ನು ದುಡಿಮೆಯ ಹೆಮ್ಮೆಯ ಪಕ್ಕ ಇಡುವುದಾದರೂ ಹೇಗೆ? ನನಗೆ ಉತ್ತರ ಸಿಕ್ಕಿಲ್ಲ. ಸಿಗುವವರೆಗೆ ನಾನು ಬಾರಬೂ ಪಕ್ಷ: ಯಜಮಾನನ ಪ್ರತಿಮೆಗಿಂತ ಲಾಯದ ಗೋಡೆ ಹೆಚ್ಚು ನಂಬಬಹುದಾದ ಸಾಕ್ಷಿ.